ಪಿಸಿಎಂ, ಬಿ.ಎಡ್, 371ಜೆ: ಹೈಸ್ಕೂಲ್ ಟೀಚರ್ ಆಗೋ ದಾರಿ

ಡಿಗ್ರಿ ಅರ್ಜಿಯಲ್ಲಿ ಪಿಸಿಎಂ ಅಂತ ಬರೆದಾಗ ಹೈಸ್ಕೂಲ್ ಟೀಚರ್ ಆಗೋ ಯೋಚನೆ ನನಗೆ ಇರಲೇ ಇಲ್ಲ. ನಮ್ಮ ದೊಡ್ಡಪ್ಪನ ಮಗ ಓದಿ ಇಟ್ಟಿದ್ದ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಪುಸ್ತಕಗಳು ಮನೆಯಲ್ಲೇ ಇದ್ದವು. ಹೊಸದು ಕೊಳ್ಳೋ ಖರ್ಚು ಉಳಿಯಿತು, ಅಷ್ಟೇ ಕಾರಣ. ಅದು 2018. ನನ್ನ ಜೊತೆ ಪಿಯುಸಿ ಮುಗಿಸಿದ ಒಬ್ಬ ಗೆಳತಿ ಬಿ.ಕಾಂ ಸೇರಿದಳು. ಓದಿನಲ್ಲಿ ನನಗಿಂತ ಜಾಣೆ. ಟೀಚರ್ ಆಗಬೇಕು ಅನ್ನೋ ಆಸೆ ಇದ್ದದ್ದೂ ಅವಳಿಗೇ. ಡಿಗ್ರಿ ಮುಗಿದ ಮೇಲೆ ಅವಳಿಗೆ ಗೊತ್ತಾಯಿತು, ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಕಾಮರ್ಸ್ ಅನ್ನೋ ವಿಷಯವೇ ಇಲ್ಲ, ಹಾಗಾಗಿ ಕಾಮರ್ಸ್ ಶಿಕ್ಷಕರ ಹುದ್ದೆಯೂ ಇಲ್ಲ ಅಂತ. ಬಿ.ಎಡ್ ಮಾಡಬಹುದು, ಆದರೆ ಅದನ್ನ ಹಿಡಿದುಕೊಂಡು ಹೈಸ್ಕೂಲಿಗೆ ಹೋಗೋಕಾಗಲ್ಲ. ಎಂ.ಕಾಂ ಮಾಡಿ ಪಿಯು ಉಪನ್ಯಾಸಕಿ ಆಗಬೇಕು. ಈಗ ಆ ದಾರಿಯಲ್ಲೇ ಇದ್ದಾಳೆ.

ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನವಳು. ನಮ್ಮೂರ ಕಡೆ ಟೀಚರ್ ಟ್ರೇನಿಂಗ್ ಅಂದರೆ ಡಿ.ಎಡ್ ಅಂತಲೇ ಎಲ್ಲರ ತಲೆಯಲ್ಲಿ ಕೂತಿತ್ತು. ಒಂದು ಕಾಲಕ್ಕೆ ಮನೆಗೊಬ್ಬರು ಡಿ.ಎಡ್ ಮಾಡುತ್ತಿದ್ದರು. ಈಗ ಅದಕ್ಕೆ ಡಿ.ಎಲ್.ಎಡ್ ಅಂತ ಹೆಸರು. ಪಿಯುಸಿ ಮೇಲೆ ಎರಡು ವರ್ಷ, ಮುಗಿಸಿದರೆ ಪ್ರಾಥಮಿಕ ಶಾಲೆಗೆ. ಹೈಸ್ಕೂಲಿನ 8, 9, 10ಕ್ಕೆ ಮೊದಲು ಡಿಗ್ರಿ ಬೇಕು, ಅದರ ಮೇಲೆ ಬಿ.ಎಡ್ ಬೇಕು. ಯಾವ ಡಿಗ್ರಿ ಆದರೂ ನಡೆಯುತ್ತೆ ಅನ್ನೋರು ಜಾಸ್ತಿ, ಅದನ್ನ ನಂಬಬೇಡಿ. ಹುದ್ದೆ ಕರೆಯೋದು ವಿಷಯದ ಪ್ರಕಾರ. ಪಿಸಿಎಂ ಓದಿದವರಿಗೆ ಗಣಿತ ಮತ್ತು ಭೌತವಿಜ್ಞಾನದ ಹುದ್ದೆ, ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಲಜಿ) ಓದಿದವರಿಗೆ ಜೀವವಿಜ್ಞಾನದ್ದು. ಕನ್ನಡ ಶಿಕ್ಷಕರಾಗಬೇಕಾದರೆ ಡಿಗ್ರಿಯಲ್ಲಿ ಐಚ್ಛಿಕ ಕನ್ನಡ ಇರಬೇಕು, ಎಲ್ಲರೂ ಓದುವ ಭಾಷಾ ಪತ್ರಿಕೆ ಸಾಲದು. ಅಂದರೆ ಹದಿನೆಂಟನೇ ವಯಸ್ಸಿನಲ್ಲಿ, ಕಾಲೇಜಿನ ಕ್ಯೂನಲ್ಲಿ ನಿಂತು, ಹಿಂದಿನವರು ತಳ್ಳುತ್ತಿರುವಾಗ ತುಂಬೋ ಆ ಒಂದು ಕಾಲಂ ಮುಂದಿನ ನೌಕರಿಯನ್ನ ನಿಶ್ಚಯ ಮಾಡಿಬಿಡುತ್ತೆ. ನಮಗೆ ಇದನ್ನ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ.

ಡಿಗ್ರಿ ಓದಿದ್ದು ಕಲಬುರಗಿಯಲ್ಲಿ. ಕೊನೆಯ ವರ್ಷ ಕೊರೊನಾ ನುಂಗಿತು. ಮನೆ ಮಾಳಿಗೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು, ಅಲ್ಲೇ ಕೂತು ಕ್ಲಾಸ್ ಕೇಳಿದೆ. ಹತ್ತನೇವರೆಗೆ ಕನ್ನಡ ಮಾಧ್ಯಮ, ಆಮೇಲೆ ಎಲ್ಲ ಇಂಗ್ಲಿಷ್. ಅದರ ಫಜೀತಿ ಬಹಳ ಜನ ಬರೆದಿದ್ದಾರೆ, ಬಿಡಿ.

ಡಿಗ್ರಿ ಆದಮೇಲೆ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟೆ. ಅಲ್ಲಿ ಬಿ.ಎಡ್ ಕೇಳಲಿಲ್ಲ. ಕೇಳದೇ ಇರೋದಕ್ಕೆ ಸಂಬಳವೂ ಹಾಗೇ ಇತ್ತು. ಆದರೂ ಅಲ್ಲಿ ಒಂದು ವಿಷಯ ಗೊತ್ತಾಯಿತು. ಕ್ಲಾಸಿನೊಳಗೆ ಹೋಗಿ ನಿಂತರೆ ನನಗೆ ಖುಷಿ ಆಗುತ್ತೆ. 2022ರ ಮೇ ತಿಂಗಳಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಪರೀಕ್ಷೆ ನಡೆಯಿತು. ರಾಜ್ಯಕ್ಕೆ 15,000 ಹುದ್ದೆ, ಅದರಲ್ಲಿ 5,000 ನಮ್ಮ ಕಲ್ಯಾಣ ಕರ್ನಾಟಕದ್ದು. 6ರಿಂದ 8ನೇ ತರಗತಿಗೆ. ನಮ್ಮ ಸುತ್ತಲಿನ ಊರಿನವರೆಲ್ಲ ಬ್ಯಾಗ್ ಹಿಡಿದು ಪರೀಕ್ಷೆಗೆ ಹೊರಟರು. ನನ್ನ ಹತ್ತಿರ ಬಿ.ಎಡ್ ಇರಲಿಲ್ಲ, ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಆಗಿರಲಿಲ್ಲ. ಸುಮ್ನೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟು ಬಂದೆ. ಆ ವರ್ಷವೇ ಬಿ.ಎಡ್‌ಗೆ ಅರ್ಜಿ ಹಾಕೋದು ಅಂತ ಮನೆಯಲ್ಲಿ ಹೇಳಿದೆ.

ಬಿ.ಎಡ್ ಪ್ರವೇಶಕ್ಕೆ ನಮ್ಮಲ್ಲಿ ಪ್ರತ್ಯೇಕ ಪರೀಕ್ಷೆ ಇಲ್ಲ. ಸರ್ಕಾರಿ ಕೋಟಾದ ಸೀಟುಗಳನ್ನ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತೆ. ಡಿಗ್ರಿ ಅಂಕಗಳ ಮೇಲೆ ಮೆರಿಟ್ ಪಟ್ಟಿ. ಸಾಮಾನ್ಯವಾಗಿ ಡಿಗ್ರಿಯಲ್ಲಿ ಶೇ 50 ಇರಬೇಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ ಶೇ 45. ಬಿ.ಇ ಮಾಡಿದವರೂ ಬರಬಹುದು, ಅವರಿಗೆ ಶೇ 55. ಆನ್‌ಲೈನಿನಲ್ಲಿ ಅರ್ಜಿ, ಆಮೇಲೆ ನೋಡಲ್ ಕೇಂದ್ರದಲ್ಲಿ ಮೂಲ ದಾಖಲೆ ಪರಿಶೀಲನೆ, ಆಮೇಲೆ ಕಾಲೇಜುಗಳ ಆಯ್ಕೆ. ಹೇಳೋಕೆ ಇಷ್ಟೇ. ಮಾಡೋಕೆ ಹೋದಾಗ ನಡುವೆ ಇರೋ ‘ಮೂಲ ದಾಖಲೆ’ ಅನ್ನೋದು ಒಂದು ಇಡೀ ಬೇಸಿಗೆ ತಿಂದುಬಿಡುತ್ತೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಬೇಗ ಬಂತು. ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, ಇವೆರಡಕ್ಕೂ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ನಾನು ಏಳನೇವರೆಗೆ ಒಂದು ಶಾಲೆ, ಆಮೇಲೆ ಇನ್ನೊಂದು. ಹೀಗಾಗಿ ಎಲ್ಲವೂ ಎರಡೆರಡು. ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರು ನನ್ನನ್ನ ಗುರುತು ಹಿಡಿದು ಚಹಾ ತರಿಸಿದರು. ‘ಟೀಚರ್ ಆಗ್ತೀಯೇನ್ ಯವ್ವಾ? ಆಗು ಆಗು, ನಾ ರಿಟೈರ್ ಆಗೂದ್ರೊಳಗ ಬಂದು ಚಾರ್ಜ್ ತಗೋ’ ಅಂತ ನಕ್ಕರು. ದಾಖಲಾತಿ ಪುಸ್ತಕ ತೆಗೆದು ನೋಡಿದರೆ ನನ್ನ ಹೆಸರಿನ ಕಾಗುಣಿತ ಹತ್ತನೇ ಅಂಕಪಟ್ಟಿಯಲ್ಲಿ ಇರೋದಕ್ಕಿಂತ ಬೇರೆ ಇತ್ತು. ಅಂಕಪಟ್ಟಿಯಲ್ಲಿ ಇದ್ದಂತೆಯೇ ಎಲ್ಲ ಕಡೆ ಇರಬೇಕು ಅಂತ ಅವರೇ ಹೇಳಿ, ಒಂದು ದೃಢೀಕರಣ ಪತ್ರ ಬರೆದುಕೊಟ್ಟರು. ಆ ಕಾಗದ ಮುಂದೆ ಬಹಳ ಕಡೆ ಕೆಲಸಕ್ಕೆ ಬಂತು.

ದೊಡ್ಡ ಕೆಲಸ 371ಜೆ. ಗೊತ್ತಿಲ್ಲದವರಿಗೆ ಒಂದು ಮಾತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ವಿಶೇಷ ಸ್ಥಾನಮಾನ ಇದು, 2013ರಿಂದ ಜಾರಿಯಲ್ಲಿದೆ. ಆಗ ಹೈದರಾಬಾದ್ ಕರ್ನಾಟಕ ಅಂತಿದ್ದ ನಮ್ಮ ಭಾಗ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಇಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿಯವರಿಗೆ, ಹೊರಗಿನ ಜಿಲ್ಲೆಗಳ ಕಾಲೇಜುಗಳಲ್ಲಿ ಶೇ 8. ನೌಕರಿಯಲ್ಲಿ ಇಲ್ಲಿನ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಎ ಮತ್ತು ಬಿಯಲ್ಲಿ ಶೇ 75. ಇದಕ್ಕೆಲ್ಲ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ತರಬೇಕು.

ನನ್ನ ತೊಡಕು ಏನಂದರೆ ನಾನು ಹುಟ್ಟಿದ್ದು ಅವ್ವನ ತವರಲ್ಲಿ, ಸಿಂದಗಿ ತಾಲ್ಲೂಕು. ಮೊದಲ ಹೆರಿಗೆ ತವರಲ್ಲೇ ಅಲ್ವಾ. ಆದರೆ ಸಿಂದಗಿ ವಿಜಯಪುರ ಜಿಲ್ಲೆ, 371ಜೆ ವ್ಯಾಪ್ತಿಗೆ ಬರಲ್ಲ. ಜನನ ಪ್ರಮಾಣಪತ್ರ ನೋಡಿದ ಗುಮಾಸ್ತರು ‘ನೀವು ಹೊರಗಿನವರು’ ಅಂದುಬಿಟ್ಟರು. ಜಿಲ್ಲೆಯ ಗಡಿ ದಾಟಿ ನಮ್ಮವ್ವ ಹೆರಿಗೆಗೆ ಹೋಗಿದ್ದಕ್ಕೆ ನಾನು ಹೊರಗಿನವಳು! ಅಪ್ಪ ಅಲ್ಲೇ ಸಿಟ್ಟಿಗೆದ್ದರು. ನಾನು ಹೊರಗೆ ಕರೆದುಕೊಂಡು ಬಂದು ಕೂಡಿಸಿದೆ. ಆಮೇಲೆ ಅಪ್ಪನ ಶಾಲಾ ದಾಖಲೆ, ತಾತನ ಹೆಸರಿನ ಪಹಣಿ, ರೇಷನ್ ಕಾರ್ಡ್, ನನ್ನ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ, ಎಲ್ಲ ಸೇರಿಸಿ ಮತ್ತೆ ಕೊಟ್ಟೆವು. ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೆ ಅವರ ದಾಖಲಾತಿ ಸಂಖ್ಯೆ ಶಾಲೆಯ ಹಳೇ ರಿಜಿಸ್ಟರಿನಲ್ಲಿ ಇತ್ತು. ಅವರು ಶಾಲೆಗೆ ಹೋದದ್ದರ ಲಾಭ ಸಿಕ್ಕಿದ್ದು ಆ ವರ್ಷವೇ ಅಂತ ಮನೆಯಲ್ಲಿ ಈಗಲೂ ತಮಾಷೆ ಮಾಡ್ತೀವಿ. ಪ್ರಮಾಣಪತ್ರ ಪರಿಶೀಲನೆಯ ದಿನಾಂಕಕ್ಕೆ ಸ್ವಲ್ಪ ಮುಂಚೆ ಕೈಗೆ ಬಂತು. ತವರಲ್ಲಿ ಹುಟ್ಟಿದವರು ನಮ್ಮ ಗಡಿ ತಾಲ್ಲೂಕುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಅರ್ಜಿ ಕರೆಯೋವರೆಗೆ ಕಾಯಬಾರದು, ಈ ಕೆಲಸ ಮೊದಲೇ ಮುಗಿಸಿಟ್ಟುಕೊಳ್ಳಬೇಕು.

ಸೀಟು ಕಲಬುರಗಿಯ ಒಂದು ಕಾಲೇಜಿನಲ್ಲಿ ಸಿಕ್ಕಿತು. ಹೆಸರು ಬೇಡ. ಬಿ.ಎಡ್ ಮೊದಲು ಒಂದೇ ವರ್ಷ ಇತ್ತು, 2015ರಿಂದ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಎರಡು ವಿಷಯಗಳ ಬೋಧನಾ ಪದ್ಧತಿ ತಗೋಬೇಕು. ನನ್ನವು ಗಣಿತ ಮತ್ತು ಭೌತವಿಜ್ಞಾನ. ಉಳಿದದ್ದು ಬಾಲ್ಯ ಮತ್ತು ಬೆಳವಣಿಗೆ, ಕಲಿಕೆಯ ಮನೋವಿಜ್ಞಾನ, ಶಿಕ್ಷಣದ ತತ್ವ, ಮೌಲ್ಯಮಾಪನ. ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಬರೆದ ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್, ಡ್ಯೂಯಿ. ನೋಟ್ಸ್ ಬರೆದು ಬರೆದು ಕೈ ನೋವು.

ಮೊದಲು ಸೂಕ್ಷ್ಮ ಬೋಧನೆ. ಇದರ ಬಗ್ಗೆ ಹೇಳಲೇಬೇಕು. ಒಂದು ಇಡೀ ಪಾಠ ಮಾಡೋ ಹಾಗಿಲ್ಲ, ಒಂದೇ ಕೌಶಲ ತಗೋಬೇಕು. ಪ್ರಶ್ನೆ ಕೇಳೋದು, ಇಲ್ಲ ಕಪ್ಪುಹಲಗೆ ಬಳಸೋದು, ಇಲ್ಲ ಉದಾಹರಣೆ ಕೊಡೋದು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ (ಫೀಡ್‌ಬ್ಯಾಕ್), 12 ನಿಮಿಷ ಮತ್ತೆ ತಯಾರಿ, 6 ನಿಮಿಷ ಮರುಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು 36 ನಿಮಿಷದ ಸುತ್ತು. ವಿದ್ಯಾರ್ಥಿಗಳು ಯಾರು? ನಮ್ಮ ಕ್ಲಾಸಿನವರೇ. ಎರಡು ಮಕ್ಕಳ ತಾಯಿ ಒಬ್ಬರು ಎಂಟನೇ ತರಗತಿ ಹುಡುಗಿ ಥರ ಕೈ ಎತ್ತಿ ‘ಮೇಡಂರೀ, ನೀರು ಕುಡಿಲಾಕ ಹೋಗ್ಲೇನ್ರೀ’ ಅಂತ ಕೇಳೋರು. ಮೊದಮೊದಲು ನಗು ತಡೆಯೋದೇ ಕಷ್ಟ. ಆದರೆ ಹಿಮ್ಮಾಹಿತಿ ಕೊಡೋವಾಗ ನಗು ಇರುತ್ತಿರಲಿಲ್ಲ. ನಾನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೇ ನಾನೇ ಹೇಳಿಬಿಡ್ತೀನಿ ಅಂತ ಗೊತ್ತಾಗಿದ್ದು ಅಲ್ಲೇ. ಒಬ್ಬ ಗೆಳತಿ ಗಡಿಯಾರ ನೋಡಿ ಬರೆದುಕೊಂಡಿದ್ದಳು, ನಾನು ಕಾಯೋದು ಒಂದು ಉಸಿರಿನಷ್ಟೂ ಇರಲಿಲ್ಲ. ಕೃತಕ ಅಂತ ಬಹಳ ಜನ ಸೂಕ್ಷ್ಮ ಬೋಧನೆಯನ್ನ ಬಯ್ಯುತ್ತಾರೆ. ನನಗೆ ಬಿ.ಎಡ್‌ನಲ್ಲಿ ಕ್ಲಾಸ್‌ರೂಮಿನೊಳಗೆ ಸಿಕ್ಕ ಒಳ್ಳೇ ಪಾಠ ಅದೊಂದೇ.

ಉಳಿದ ಸಮಯ ರೆಕಾರ್ಡ್ ಬರೆಯೋದರಲ್ಲಿ ಹೋಯಿತು. ಪಾಠ ಯೋಜನೆ, ಘಟಕ ಯೋಜನೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಕ್ರಿಯಾ ಸಂಶೋಧನೆ, ಪೌರತ್ವ ತರಬೇತಿ ಶಿಬಿರದ ವರದಿ. ಪ್ರತಿ ಪಾಠ ಯೋಜನೆಯಲ್ಲೂ ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಅಂತ ಐದು ಹಂತ. ಬಣ್ಣದ ಪೆನ್ನು, ಸ್ಕೇಲು, ಅಂಚು ಕಟ್ಟೋದು. ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಕಡೆ ಅಂಗಡಿಗಳಲ್ಲಿ ಚಾರ್ಟ್ ಬರೆದುಕೊಡೋರು ಕೂಡ ಇದ್ದಾರೆ, ದುಡ್ಡು ಕೊಟ್ಟರೆ ಆಯಿತು. ಕಾಲೇಜಿಗೆ ಬರದೇನೇ ಬಿ.ಎಡ್ ಮುಗಿಸುವವರ ಕಥೆಯೂ ಎಲ್ಲರಿಗೂ ಗೊತ್ತು. ಪ್ರವೇಶದ ಸಮಯದಲ್ಲೇ ನನಗೂ ಒಬ್ಬರು ಕೇಳಿದ್ದರು, ‘ರೆಗ್ಯುಲರ್ ಬರ್ತೀರೋ, ಇಲ್ಲ ಪರೀಕ್ಷೆಗಷ್ಟೇ ಬರ್ತೀರೋ?’ ಅದು ಬೇರೆ ಕಾಲೇಜು, ನಾನು ಅಲ್ಲಿ ಸೇರಲಿಲ್ಲ. ಹಾಗೆ ಮುಗಿಸಿದವರು ಅಂಕದಲ್ಲಿ ನಮಗಿಂತ ಮುಂದೆಯೇ ಇರುತ್ತಾರೆ. ನೇಮಕಾತಿಯಲ್ಲಿ ಬಿ.ಎಡ್ ಅಂಕ ಲೆಕ್ಕಕ್ಕೆ ಬಂದಾಗ ಇದು ಹೊಟ್ಟೆ ಉರಿಸುತ್ತೆ, ಸುಳ್ಳು ಯಾಕೆ ಹೇಳಲಿ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಚಿತ ಆಯಿತು. ನಮ್ಮ ಕ್ಲಾಸಿನ ಹೆಣ್ಣುಮಕ್ಕಳ ಹಾಜರಾತಿ ಏಕದಂ ಏರಿತು. ಜೇವರ್ಗಿ, ಅಫಜಲಪುರ ಕಡೆಯವರು ಪಿ.ಜಿ. ಬಾಡಿಗೆ ಬಿಟ್ಟು ದಿನಾ ಮನೆಯಿಂದಲೇ ಬರತೊಡಗಿದರು. ಸೀಟು ಮಾತ್ರ ಸಿಗುತ್ತಿರಲಿಲ್ಲ, ನಿಂತೇ ಬರಬೇಕು.

ಬಿ.ಎಡ್‌ನಲ್ಲಿ ಶಾಲೆಯಲ್ಲಿ ಕೆಲಸ ಮಾಡೋ ಅವಧಿ ಎರಡು ವರ್ಷ ಸೇರಿ 20 ವಾರ. ದೊಡ್ಡ ಭಾಗ ಎರಡನೇ ವರ್ಷದಲ್ಲಿ ಬರುತ್ತೆ. ನನಗೆ ಜೇವರ್ಗಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲು ಸಿಕ್ಕಿತು. ಕಲಬುರಗಿಯಿಂದ ಹೊರಟು ಕಟ್ಟಿಸಂಗಾವಿ ಸೇತುವೆ ದಾಟಿ, ಮುಂದೆ ಒಳಗಿನ ಊರು. ಅಲ್ಲಿನ ಗಣಿತದ ಮಾಸ್ತರು ನನಗೆ ಮಾರ್ಗದರ್ಶಕರು. ನಿವೃತ್ತಿ ಹತ್ತಿರ ಇದ್ದವರು. ಮಕ್ಕಳ ಮುಂದೆ ನನ್ನನ್ನ ಮೇಡಂ ಅಂತಿದ್ದರು, ಸ್ಟಾಫ್ ರೂಮಿನಲ್ಲಿ ತಂಗಿ ಅಂತಿದ್ದರು.

ಮೊದಲ ದಿನಗಳಲ್ಲೇ ಎರಡು ಪೆಟ್ಟು ಬಿತ್ತು. ಒಂದು ಭಾಷೆಯದು. ಪಿಯುಸಿ, ಡಿಗ್ರಿ ಎಲ್ಲ ಇಂಗ್ಲಿಷಿನಲ್ಲಿ ಓದಿದ್ದೆ. ಇಲ್ಲಿ ವೇಗೋತ್ಕರ್ಷ, ಸಂವೇಗ, ವಕ್ರೀಭವನ. ಹತ್ತನೇವರೆಗೆ ಇದನ್ನೇ ಓದಿದ್ದೆ, ಬಾಯಿಗೆ ಮಾತ್ರ ಬರಲೊಲ್ಲದು. 8, 9, 10ರ ಕನ್ನಡ ಮಾಧ್ಯಮದ ಪುಸ್ತಕ ತಂದು ರಾತ್ರಿ ಕೂತು ಓದಿದೆ. ಕನ್ನಡ ಮಾಧ್ಯಮದ ಹುದ್ದೆಗೆ ಹೋಗಬೇಕು ಅನ್ನುವವರು ಇದನ್ನ ಡಿಗ್ರಿಯಲ್ಲೇ ಶುರುಮಾಡೋದು ಒಳ್ಳೇದು.

ಎರಡನೇದು ದೊಡ್ಡದು. ಒಂಬತ್ತನೇ ತರಗತಿಗೆ ಬಹುಪದೋಕ್ತಿ ಪಾಠ ಯೋಜನೆ ಬರೆದುಕೊಂಡು ಹೋಗಿದ್ದೆ. ಐದೂ ಹಂತ, ಬಣ್ಣದ ಚಾರ್ಟು, ಎಲ್ಲ ಇತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಭಾಗಾಕಾರ ಬರಲ್ಲ ಅಂತ ಗೊತ್ತಾಯಿತು. ಅವನೊಬ್ಬನಿಗೇ ಇರಬೇಕು ಅಂದುಕೊಂಡೆ. ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿ ಎಲ್ಲರಿಗೂ ಮಾಡೋಕೆ ಹೇಳಿದೆ. ಅರ್ಧ ಕ್ಲಾಸು ಪೆನ್ನು ಕಚ್ಚಿಕೊಂಡು ಕೂತಿತ್ತು. ಹನ್ನೆರಡು ದಾಟಿದ ಮಗು ಅಮೂರ್ತವಾಗಿ ಯೋಚಿಸುತ್ತೆ ಅಂತ ಪಿಯಾಜೆ ಹೇಳಿದ್ದನ್ನ ನಾನು ಪರೀಕ್ಷೆಯಲ್ಲಿ ಚೆಂದ ಬರೆದಿದ್ದೆ. ಆದರೆ ಆ ಮಗು ಪ್ರತಿ ವರ್ಷ ಹತ್ತಿ ಬಿಡಿಸೋ ಕಾಲಕ್ಕೆ ಶಾಲೆ ತಪ್ಪಿಸಿದ್ದರೆ? ಅಪ್ಪ ಅವ್ವನ ಜೊತೆ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿ ಬಂದಿದ್ದರೆ? ಮಾಸ್ತರು ಹಿಂದೆ ಕೂತು ನೋಡುತ್ತಿದ್ದರು. ಕ್ಲಾಸ್ ಮುಗಿದ ಮೇಲೆ ಅಂದರು, ‘ತಂಗಿ, ನಾಳೆ ಆ ಪ್ಲಾನ್ ಬುಕ್ ಮನ್ಯಾಗ ಇಟ್ಟು ಬಾ. ಹುಡುಗ್ರು ಎಲ್ಲಿ ನಿಂತಾರ ನೋಡು, ಅಲ್ಲಿಂದ ಹೊಂಡು.’

ಪ್ರತಿ ಜೂನ್‌ನಲ್ಲಿ ಶಾಲೆಗಳಲ್ಲಿ ಸೇತುಬಂಧ ಅಂತ ನಡೆಯುತ್ತೆ. ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ನೋಡಿ, ಕೊರತೆ ತುಂಬೋ ಕೆಲಸ. ಕೆಲವು ಕಡೆ ಅದು ಕಾಗದದ ಮೇಲೆ ಮುಗಿದುಹೋಗುತ್ತೆ. ಈ ಮಾಸ್ತರು ಮಾತ್ರ ಅದನ್ನ ವರ್ಷಪೂರ್ತಿ ಎಳೆಯುತ್ತಿದ್ದರು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಭಾಗಾಕಾರ, ಭಿನ್ನರಾಶಿ, ಶೇಕಡಾ. ನಾನು ಬಂದಮೇಲೆ ಆ ಗುಂಪನ್ನ ನನಗೆ ಒಪ್ಪಿಸಿದರು. ಅಲ್ಲಿ ಒಬ್ಬೊಬ್ಬರ ಪಕ್ಕ ಕೂತು, ಲೆಕ್ಕ ಎಲ್ಲಿ ತಪ್ಪುತ್ತಾ ಇದೆ ಅಂತ ಹುಡುಕೋದು ಕಲಿತೆ. ಭಾಗಾಕಾರದಲ್ಲಿ ತಪ್ಪುವ ಮಕ್ಕಳಲ್ಲಿ ಹೆಚ್ಚಿನವರಿಗೆ ಭಾಗಾಕಾರ ಗೊತ್ತಿತ್ತು, ನಡುವೆ ಮಾಡೋ ಕಳೆಯೋದು ಬರುತ್ತಿರಲಿಲ್ಲ. ಇದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಒಂದು ಪಾಠ ಮಾತ್ರ ನನಗೆ ಬಹಳ ಖುಷಿ ಕೊಟ್ಟಿತು. ಒಂಬತ್ತನೇ ತರಗತಿಯ ಚಲನೆ. ದೂರ ಮತ್ತು ಕಾಲದ ನಕ್ಷೆ ಬರೆಯೋದು. ನಾನು ಶಹಾಪುರದಿಂದ ಕಲಬುರಗಿಗೆ ಹೋಗೋ ಬಸ್ಸನ್ನೇ ತಗೊಂಡೆ. ಬಸ್ ಓಡುವಾಗ ಗೆರೆ ಏರುತ್ತೆ, ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಮಟ್ಟಸ ಆಗುತ್ತೆ. ‘ಡ್ರೈವರ್ ಚಾ ಕುಡಿಲಾಕತ್ತಾನ್ರೀ’ ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಆಗ ಮುಂದೆ ಕೂತ ಒಬ್ಬಳು ಹುಡುಗಿ ಎದ್ದು ಕೇಳಿದಳು, ‘ಮೇಡಂರೀ, ಬಸ್ ವಾಪಸ್ ಶಹಾಪುರಕ್ಕ ಬಂದ್ರ ಗೆರಿ ಹಿಂದಕ್ಕ ಹೋಗ್ತದೇನ್ರೀ?’ ನಾನು ಈ ಸಲ ಸುಮ್ಮನೆ ಕಾದೆ. ಹೋಗುತ್ತೆ ಅಂದರು ಕೆಲವರು. ಹೊತ್ತು ಹ್ಯಾಂಗ ಹಿಂದಕ್ಕ ಹೋಗ್ತದ ಅಂತ ಇನ್ನೊಬ್ಬ ಕೇಳಿದ. ಗೆರೆ ಕೆಳಗೆ ಬರಬೇಕು ಅಂದಳು ಮತ್ತೊಬ್ಬಳು. ಓಡಿದ ದೂರ ಕಮ್ಮಿ ಆಗಲ್ಲವಲ್ಲ, ಡೀಸೆಲ್ ಅಂತೂ ಖರ್ಚಾಗಿರುತ್ತಲ್ಲ ಅಂತ ಮೊದಲಿನವನೇ ಮತ್ತೆ. ನಾನು ಒಂದು ಮಾತೂ ಹೇಳದೆ ದೂರ ಮತ್ತು ಸ್ಥಾನಪಲ್ಲಟದ ವ್ಯತ್ಯಾಸ ಬೋರ್ಡಿನ ಮೇಲೆ ಬಂದು ನಿಂತಿತ್ತು. ಎರಡು ನಕ್ಷೆ ಬರೆಸಿದೆ, ಒಂದು ಏರುತ್ತಲೇ ಹೋಗೋದು, ಇನ್ನೊಂದು ಏರಿ ಇಳಿಯೋದು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮಧ್ಯಾಹ್ನ ಊಟದ ಗಂಟೆ ಆಗಿದ್ದರೆ ಏಳುತ್ತಿದ್ದರು, ಅದೂ ನಿಜ.

ಇಂಟರ್ನ್‌ಶಿಪ್ ಮುಗಿಯೋ ಹೊತ್ತಿಗೆ ಟಿಇಟಿ ಕರೆದರು. ಇಲ್ಲೊಂದು ಗೊಂದಲ ಬಹಳ ಜನರಿಗಿದೆ. ಟಿಇಟಿ ಇರೋದು 1ರಿಂದ 8ನೇ ತರಗತಿಯವರೆಗಿನ ಶಿಕ್ಷಕರಿಗೆ. ಪತ್ರಿಕೆ 1 ಐದನೇವರೆಗೆ, ಪತ್ರಿಕೆ 2 ಆರರಿಂದ ಎಂಟಕ್ಕೆ. ಹೈಸ್ಕೂಲ್ ಆಸೆ ಇರೋರು ಟಿಇಟಿ ಯಾಕೆ ಬರೀಬೇಕು ಅಂತ ಕೇಳ್ತಾರೆ. ಬಿ.ಎಡ್ ಮಾಡಿದವರಿಗೆ 6ರಿಂದ 8ರ ಬಾಗಿಲೂ ತೆರೆದಿರಲಿ ಅಂತ. ಹೈಸ್ಕೂಲ್ ನೇಮಕಾತಿ ಯಾವಾಗ ಬರುತ್ತೋ, ಅದು ಬರೋವರೆಗೆ ಒಂದೇ ಬಾಗಿಲ ಮುಂದೆ ಕೂಡೋಕಾಗಲ್ಲ. 2024ರ ಜೂನ್ 30ಕ್ಕೆ ಬರೆದೆ. 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪಿಗೆ ಅಂಕ ಕಳೆಯಲ್ಲ. ಪಾಸಾಗೋಕೆ ಶೇ 60, ಅಂದರೆ 90 ಅಂಕ. ಪರಿಶಿಷ್ಟರಿಗೆ, ಪ್ರವರ್ಗ 1ಕ್ಕೆ, ಅಂಗವಿಕಲರಿಗೆ ಶೇ 55. ಗಣಿತ ವಿಜ್ಞಾನಕ್ಕೆ 60 ಅಂಕ. ಉಳಿದ 90 ಅಂಕದಲ್ಲಿ ಎರಡು ಭಾಷೆ ಮತ್ತು ಶಿಶು ವಿಕಾಸ, ತಲಾ 30. ವಿಜ್ಞಾನದವರು ಬೀಳೋದು ಭಾಷೆಯಲ್ಲಿ. ನಾನು ಕನ್ನಡ ವ್ಯಾಕರಣಕ್ಕೆ ಜಾಸ್ತಿ ಸಮಯ ಕೊಟ್ಟಿದ್ದೆ, ಅದು ಕೈ ಹಿಡಿಯಿತು. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತೆ. ಮೊದಲು ಏಳು ವರ್ಷ ಅಂತ ಇತ್ತು.

ನೇಮಕಾತಿ ಅನ್ನೋದು ಬೇರೆಯೇ ಲೋಕ. 2022ರ ಮೇ ಪರೀಕ್ಷೆ ಬರೆದ ನಮ್ಮೂರ ಪಕ್ಕದ ಒಬ್ಬ ಅಕ್ಕ ಇದ್ದಾರೆ. ಚೆನ್ನಾಗಿ ಬರೆದಿದ್ದರು. ಮದುವೆಯಾದ ಹೆಣ್ಣುಮಕ್ಕಳ ಜಾತಿ ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಿ ಇರಬೇಕೋ ಗಂಡನ ಹೆಸರಲ್ಲಿ ಇರಬೇಕೋ ಅನ್ನೋ ಪ್ರಶ್ನೆ ಎದ್ದು, ಆಯ್ಕೆ ಪಟ್ಟಿ ಹೈಕೋರ್ಟಿಗೆ ಹೋಯಿತು. ಆದೇಶ ಕೈಗೆ ಬಂದಾಗ 2023ರ ಕೊನೆ. ಅಷ್ಟು ದಿನ ಅವರು ಹೊಲಿಗೆ ಮಷಿನ್ ಮೇಲೆ ಮನೆ ನಡೆಸಿದರು. ಆ ಅಕ್ಕ ನನಗೆ ಹೇಳಿದ್ದು ಒಂದೇ ಮಾತು, ‘ವಿವರಣಾತ್ಮಕ ಪತ್ರಿಕಿಗೆ ಈಗಿಂದ ಬರಿಯೂದು ರೂಢಿ ಮಾಡ್ಕೊ, ಬರೇ ಟಿಕ್ ಹಾಕಿ ಕೈ ಜಡ್ಡುಗಟ್ಟಿರ್ತದ.’ ವಿಷಯದ ಪತ್ರಿಕೆಯಲ್ಲಿ ಉತ್ತರ ಬರೆಯಬೇಕು ಅನ್ನೋದು ಕೋಚಿಂಗ್‌ಗೆ ಹೋಗೋ ಬಹಳ ಜನ ಕೊನೆಗೆ ನೆನಪು ಮಾಡಿಕೊಳ್ಳುತ್ತಾರೆ.

ಈಗ ನಾನು ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಖಾಲಿ ಹುದ್ದೆ ಇರೋ ಶಾಲೆಯಲ್ಲಿ ಅಂಕ ನೋಡಿ ತಗೊಳ್ಳುತ್ತಾರೆ. ಗೌರವಧನ ತಿಂಗಳಿಗೆ 10,500 ಇತ್ತು, 2025ರ ಬಜೆಟ್‌ನಲ್ಲಿ 2,000 ಏರಿಸಿದರು. ಬೇಸಿಗೆ ರಜೆಯಲ್ಲಿ ಇಲ್ಲ. ಬರೋದು ಎರಡು ಮೂರು ತಿಂಗಳಿಗೆ ಸೇರಿಸಿ, ಅದೂ ಕೇಳಿ ಕೇಳಿ. ಮನೆ ನಡೆಸುವವರಿಗೆ ಇದು ಸಾಕಾಗಲ್ಲ, ನಾನು ಸಂಜೆ ಟ್ಯೂಷನ್ ಹೇಳ್ತೀನಿ. ಆದರೆ ಪಾಠ ಮಾಡೋ ಕೈ ಬಿಟ್ಟುಹೋಗಬಾರದು ಅಂದರೆ ನಮ್ಮ ಭಾಗದಲ್ಲಿ ಇದಕ್ಕಿಂತ ಒಳ್ಳೇ ದಾರಿ ನನಗೆ ಕಾಣಲಿಲ್ಲ. ಕೆಲಸಕ್ಕೇನೂ ಕಮ್ಮಿ ಇಲ್ಲ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ, 2025ರಲ್ಲಿ ಶೇ 42.43ಕ್ಕೆ ಕಲಬುರಗಿ ಕೊನೆ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದಮೇಲೆ ಇದ್ದದ್ದು ಇದ್ದ ಹಾಗೆ ಕಾಣಿಸಿತು ಅಂತ ನನ್ನ ಅಭಿಪ್ರಾಯ. ಈಗ ಎಲ್ಲ ಕಡೆ ಹತ್ತನೇಯವರಿಗೆ ವಿಶೇಷ ತರಗತಿ. ನಾನು ಮುಖ್ಯ ಶಿಕ್ಷಕರನ್ನ ಕೇಳಿಕೊಂಡು ಎಂಟನೇಯವರನ್ನೂ ಬೆಳಿಗ್ಗೆ ಕೂಡಿಸಿಕೊಳ್ತೀನಿ. ಹತ್ತಕ್ಕೆ ಬಂದಮೇಲೆ ಭಾಗಾಕಾರ ಕಲಿಸೋಕೆ ಸಮಯ ಎಲ್ಲಿರುತ್ತೆ?

ಮೊನ್ನೆ ನಮ್ಮ ಕಾಕಾನ ಮಗ ಪಿಯುಸಿ ಮುಗಿಸಿ ಬಂದ. ಮನೆಯವರೆಲ್ಲ ‘ಅಕ್ಕನ್ನ ಕೇಳು’ ಅಂತ ನನ್ನ ಹತ್ತಿರ ಕಳಿಸಿದರು. ನಾನು ಹಾಳೆ ತಗೊಂಡು ಕೂತೆ. ಈಗ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ಇದೆ, ಡಿಗ್ರಿ ಮತ್ತು ಬಿ.ಎಡ್ ಒಟ್ಟಿಗೆ ಮುಗಿಯುತ್ತೆ, ನಮ್ಮ ಹಾಗೆ ಐದು ವರ್ಷ ಹೋಗಲ್ಲ ಅಂದೆ. ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇಂಥ ನಾಲ್ಕು ವರ್ಷದ ಓದು ಬಹಳ ಹಿಂದಿನಿಂದ ಇದೆ, ನಮ್ಮ ಕಡೆಯವರು ಹೋಗೋದೇ ಕಮ್ಮಿ ಅಂದೆ. ಇಲ್ಲೇ ಡಿಗ್ರಿ ಮಾಡೋದಾದರೆ ವಿಷಯ ನೋಡಿ ತಗೋ ಅಂದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದಾಗ ಡಿಗ್ರಿಯಲ್ಲಿ ಮುಖ್ಯ ವಿಷಯ ಎರಡೇ ಆಗಿದ್ದವು, ಪಿಸಿಎಂ ಅನ್ನೋದೇ ಒಡೆದುಹೋಗಿತ್ತು. 2024ರಿಂದ ಮತ್ತೆ ಮೂರು ವಿಷಯದ ಮೂರು ವರ್ಷದ ಡಿಗ್ರಿ ಬಂದಿದೆ, ನಿನ್ನ ಅದೃಷ್ಟ ಅಂದೆ. ಹಾಳೆಯ ಎರಡೂ ಬದಿ ತುಂಬಿತು.

ಅವನು ಎಲ್ಲ ಕೇಳಿಸಿಕೊಂಡ. ಹಾಳೆಯನ್ನ ಮಡಚಿ ಜೇಬಿಗೂ ಹಾಕಿಕೊಂಡ. ಆಮೇಲೆ ಮೆಲ್ಲಗೆ ಅಂದ, ‘ಅಕ್ಕಾ, ನಾ ಟೀಚರ್ ಆಗಂಗಿಲ್ಲ. ಪೊಲೀಸ್ ಕಾನ್‌ಸ್ಟೆಬಲ್‌ಗೆ ಹಾಕ್ತೀನಿ. ನಿಮ್ದು ಭಾಳ ಲಾಂಗ್ ಅದ.’

‘ಆಯ್ತು ಹಾಕು,’ ಅಂದೆ. ‘ಅದಕ್ಕೂ 371ಜೆ ಬೇಕು. ನೀನೂ ನಿಮ್ಮವ್ವನ ತವರಾಗ ಹುಟ್ಟಿದವನೇ. ನಾಳೆ ಕಾಕಾನ ಶಾಲಿ ದಾಖಲಿ ತೆಗಸು.’